ಶೆಡ್‌ನಲ್ಲಿ ಹಳೇ ಕಾರು ಸಿಕ್ಕಿದೆ, ಮೊದಲು ಏನು ಮಾಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ದೊಡ್ಡಪ್ಪನವರ ಶೆಡ್‌ನಲ್ಲಿ ಒಂದು ಹಳೇ ಕಾರು ಇದೆ. ನಾನು ಹುಟ್ಟೋಕೆ ಮುಂಚಿನಿಂದಲೂ ಅಲ್ಲೇ ನಿಂತಿದೆ. ಮುಂದಿನ ಬ್ಯಾಡ್ಜ್ ಉದುರಿಹೋಗಿದೆ, ಕಾಗದಪತ್ರ ಒಂದೂ ಇಲ್ಲ. ಯಾವ ಕಂಪನಿ, ಯಾವ ಇಸವಿ ಅಂತ ಹೇಗೆ ಕಂಡುಹಿಡಿಯೋದು? ಭಾನುವಾರ ಚೆನ್ನಾಗಿ ತೊಳೆದು, ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಅಂತಿದ್ದೇನೆ.

ಉತ್ತರ: ನಮಸ್ಕಾರ. ಭಾನುವಾರದ ಎರಡು ಕೆಲಸವೂ ಬೇಡ. ನೀರಿನ ಪೈಪ್ ಹತ್ತಿರ ತರಬೇಡಿ, ಬ್ಯಾಟರಿಗೆ ದುಡ್ಡು ಹಾಕಬೇಡಿ. ಸದ್ಯಕ್ಕೆ ಬೇಕಾಗಿರುವುದು ಮೊಬೈಲ್ ಮತ್ತು ಒಂದು ಟಾರ್ಚ್. ಕಾರು ಈಗ ಹೇಗಿದೆಯೋ ಹಾಗೇ, ಇಲಿ ಗೂಡು ಸಮೇತ ಫೋಟೋ ತೆಗೆದುಕೊಳ್ಳಿ. ಇಲಿ ಗೂಡನ್ನೂ ಬಿಡಿಸಿ ನೋಡಿ, ತಮಾಷೆಗೆ ಹೇಳುತ್ತಿಲ್ಲ. ಸೀಟಿನ ಕೆಳಗೆ ಬಿದ್ದ ಹಳೇ ಬಿಲ್ಲು, ಟ್ಯಾಕ್ಸ್ ಚೀಟಿಗಳನ್ನು ಇಲಿಗಳು ಅಲ್ಲೇ ಸೇರಿಸಿಟ್ಟಿರುತ್ತವೆ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಮಾತ್ರ ಮರೆಯಬೇಡಿ.

ಆಮೇಲೆ ನಂಬರ್ ಹುಡುಕಿ. ಈಗಿನ ಕಾರಿನಲ್ಲಿರುವ 17 ಅಕ್ಷರಗಳ ನಂಬರ್ ಅದರಲ್ಲಿ ಇರುವುದಿಲ್ಲ. ಆ ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾಗಿದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕೆ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಸಾಮಾನ್ಯವಾಗಿ ಮೂರು ಕಡೆ ನೋಡಬೇಕು: ಬಾನೆಟ್ ಎತ್ತಿದರೆ ಎದುರಿಗೆ ಕಾಣುವ ತಗಡಿನ ಗೋಡೆಯ ಮೇಲಿನ ಪ್ಲೇಟ್, ಚಾಸಿಯ (ಕಾರನ್ನು ಹೊತ್ತಿರುವ ಅಡಿಯ ಚೌಕಟ್ಟು) ಉದ್ದ ಪಟ್ಟಿ, ಎಂಜಿನ್ ಬ್ಲಾಕ್. ಫೋರ್ಡ್ ಮಾಡೆಲ್ ಟಿ ಕಾರಿನ ನಂಬರ್ ಎಂಜಿನ್ ಬ್ಲಾಕ್ ಮೇಲೇ ಇರುತ್ತದೆ.

ನಂಬರ್ ಮಸುಕಾಗಿದ್ದರೆ ವೈರ್ ಬ್ರಷ್, ಗ್ರೈಂಡರ್ ಮುಟ್ಟಲೇಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಂಕಿ ಎದ್ದು ಕಾಣುತ್ತದೆ. ಅಂಕಿಯ ಸುತ್ತ ಗ್ರೈಂಡ್ ಮಾಡಿದ ಗೆರೆಗಳು ಕಂಡರೂ, ಪ್ಲೇಟಿನ ರಿವೆಟ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೂ ಫೋಟೋ ಹಾಕಿ. ಅಂಥ ಕಡೆ ಯಾರೋ ಕೈಯಾಡಿಸಿರುತ್ತಾರೆ.

ಸಣ್ಣ ಸಾಮಾನುಗಳನ್ನೂ ಬಿಡಬೇಡಿ. ಲೂಕಾಸ್ ಕಂಪನಿಯ ಡೈನಮೋ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಮೈಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಟ್ರಿಪ್ಲೆಕ್ಸ್ ಕಂಪನಿಯ ಗಾಜಾದರೆ ಮೂಲೆಯ ಗುರುತಿನಲ್ಲಿ ಅಕ್ಷರಗಳ ಮೇಲೆ ಕೆಳಗೆ ಸಣ್ಣ ಚುಕ್ಕಿಗಳಿರುತ್ತವೆ, ತಯಾರಾದ ವರ್ಷವನ್ನು ಅದರಿಂದ ಓದಬಹುದು. ಒಂದೇ ಭಾಗ ನೋಡಿ ತೀರ್ಮಾನ ಮಾಡಬೇಡಿ. ಡೈನಮೋ ಮಧ್ಯದಲ್ಲಿ ಬದಲಾಗಿರಬಹುದು, ಗಾಜು ಒಡೆದು ಬೇರೆ ಹಾಕಿಸಿರಬಹುದು. ಐದಾರು ಭಾಗಗಳು ಒಂದೇ ಇಸವಿ ಹೇಳಿದರೆ ನಂಬಬಹುದು.

ಪ್ರಶ್ನೆ: ಸರಿ ಸರ್, ತೊಳೆಯಲಿಲ್ಲ. ಫೋಟೋ ಆಮೇಲೆ ಹಾಕುತ್ತೇನೆ. ಇನ್ನೊಂದು ವಿಚಿತ್ರ. ಎಂಜಿನ್‌ನಲ್ಲಿ ಒಂದು ಬೋಲ್ಟಿಗೆ ನನ್ನ ಹತ್ತಿರ ಇರುವ ಸ್ಪ್ಯಾನರ್ ಯಾವುದೂ ಕೂರುತ್ತಿಲ್ಲ. 13ನೇ ನಂಬರ್ ಒಳಗೇ ಹೋಗಲ್ಲ, 14 ಲೊಡಲೊಡ ಅಂತದೆ.

ಉತ್ತರ: ಒಳ್ಳೇ ಸುಳಿವು ಕೊಟ್ಟಿರಿ! ಅದು ಕಾಲು ಇಂಚಿನ ವಿಟ್‌ವರ್ತ್ ಬೋಲ್ಟ್ ಇರಬೇಕು. ವಿಟ್‌ವರ್ತ್ ಅಂದರೆ ಬೋಲ್ಟುಗಳ ಹಳೇ ಬ್ರಿಟಿಷ್ ಅಳತೆ. ಅದರ ತಲೆಯ ಅಗಲ ಸುಮಾರು 13.3 ಮಿಲಿಮೀಟರ್. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬರೆದಿರೋದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಹಾಗಾಗಿ ಹೊಸಬರಿಗೆ ತಲೆ ಕೆಡುತ್ತದೆ. ಕಾರಿನ ತುಂಬಾ ಇದೇ ಅಳತೆ ಬಂದರೆ ಅದು ಬ್ರಿಟಿಷ್ ಕಾರು, ಬಹುಶಃ ಎರಡನೇ ಮಹಾಯುದ್ಧಕ್ಕೆ ಮುಂಚಿನದು ಅಥವಾ ಅದರ ಆಸುಪಾಸಿನದು. ಅಮೆರಿಕದ ಕಾರಾಗಿದ್ದರೆ ಅರ್ಧ ಇಂಚು, ಒಂಬತ್ತು ಬೈ ಹದಿನಾರು, ಈ ಥರ ಕೂರುತ್ತಿತ್ತು.

ಒಂದು ಕೆಲಸ ಮಾಡಿ. ಸುಲಭವಾಗಿ ಬಿಚ್ಚಿಬರುವ ಒಂದು ಬೋಲ್ಟ್ ತೆಗೆದು ಥ್ರೆಡ್ (ಸುರುಳಿ ಗೆರೆ) ಅಳೆಯುವ ಥ್ರೆಡ್ ಗೇಜ್ ಇಟ್ಟು ನೋಡಿ. ತಲೆ ವಿಟ್‌ವರ್ತ್, ಆದರೆ ಥ್ರೆಡ್ ಮೆಟ್ರಿಕ್ ಬಂತು ಅನ್ನಿ, ಆಗ ಬ್ರಿಟಿಷ್ ಕಾರು ಕಂಪನಿ ಮಾರಿಸ್‌ನ ಎಂಜಿನ್ ಅಂತ ಅನುಮಾನ ಪಡಬಹುದು. ಇದರ ಹಿಂದೆ ಒಂದು ಕಥೆಯಿದೆ. ಹಾಚ್ಕಿಸ್ ಅನ್ನುವ ಫ್ರೆಂಚ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ಇಟ್ಟು ಮಾರಿಸ್‌ಗೆ ಎಂಜಿನ್ ಮಾಡಿಕೊಡುತ್ತಿತ್ತು. ಅವರ ಯಂತ್ರಗಳೆಲ್ಲ ಮೆಟ್ರಿಕ್. ಇಂಗ್ಲಿಷ್ ಮೆಕ್ಯಾನಿಕ್‌ಗಳ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಹಾಗಾಗಿ ಥ್ರೆಡ್ ಫ್ರಾನ್ಸಿನದು, ತಲೆ ಇಂಗ್ಲೆಂಡಿನದು! 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡರು, ಪದ್ಧತಿ ಮಾತ್ರ ಬದಲಾಗಲಿಲ್ಲ. ಎಂಜಿ ಕಂಪನಿಯ ಟಿ ಸರಣಿಯ ಕಾರುಗಳವರೆಗೂ ಅದೇ ನಡೆಯಿತು. ಗೊತ್ತಿಲ್ಲದೆ ಬೇರೆ ಬೋಲ್ಟ್ ತುರುಕಿ ಬ್ಲಾಕಿನ ಥ್ರೆಡ್ ಹಾಳುಮಾಡಿದ ಎಂಜಿನ್‌ಗಳು ಈಗಲೂ ಗ್ಯಾರೇಜಿಗೆ ಬರುತ್ತವೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ಹಳೇದೆಲ್ಲ ವಿಂಟೇಜ್ ಅಲ್ವಾ? ಅಪರೂಪದ್ದು ಅಂತ ಯಾವ ಲೆಕ್ಕದಲ್ಲಿ ಹೇಳುತ್ತಾರೆ?

ಉತ್ತರ: ಅಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ 1919ರಿಂದ 1930ರವರೆಗಿನದು ಮಾತ್ರ ವಿಂಟೇಜ್. 1905ರಿಂದ 1918ರದು ವೆಟರನ್, 1931ರಿಂದ 1945ರದು ಪೋಸ್ಟ್ ವಿಂಟೇಜ್. ಮಾತಿನಲ್ಲಿ ಎಲ್ಲವನ್ನೂ ವಿಂಟೇಜ್ ಅಂದರೆ ಜಗಳವೇನಿಲ್ಲ, ಮಾರಾಟದ ಕಾಗದದಲ್ಲಿ ಹಾಗೆ ಬರೆದಿದ್ದರೆ ಕೇಳಿ.

ಅಪರೂಪ ಅನ್ನೋದಕ್ಕೂ ವಯಸ್ಸಿಗೂ ಸಂಬಂಧ ಕಮ್ಮಿ. ಮಾಡೆಲ್ ಟಿ 1908ರಿಂದ 1927ರವರೆಗೆ 1.5 ಕೋಟಿಗೂ ಜಾಸ್ತಿ ತಯಾರಾಯಿತು. ನೂರು ವರ್ಷದ ಕಾರಾದರೂ ಬಿಡಿಭಾಗ ಇವತ್ತಿಗೂ ಹೊಸದು ಸಿಗುತ್ತದೆ. 1962ರಿಂದ 1964ರ ನಡುವೆ ಬಂದ ಫೆರಾರಿ 250 ಜಿಟಿಒ ಬರೀ 36. ಅದರಲ್ಲಿ ಒಂದೊಂದರ ಜಾತಕವೂ ಬರೆದಿಟ್ಟಾಗಿದೆ. ಹಾಗಾಗಿ ಯಾರಾದರೂ ‘ಗೋದಾಮಿನಲ್ಲಿ ಒಂದು ಸಿಕ್ಕಿದೆ’ ಅಂದರೆ ನಾನಂತೂ ನಕ್ಕು ಸುಮ್ನಾಗುತ್ತೇನೆ.

ನಿಜವಾದ ಮಜಾ ಇರೋದು ಮಧ್ಯದ ಕಾರುಗಳಲ್ಲಿ. ಜಾಗ್ವಾರ್ ಎಕ್ಸ್‌ಕೆ 120 ತಗೊಳ್ಳಿ. ಒಟ್ಟು ಹನ್ನೆರಡು ಸಾವಿರದಷ್ಟು ಬಂದವು. ಅದರಲ್ಲಿ ಮೊದಲ 240ರಷ್ಟು ಕಾರುಗಳ ಬಾಡಿ ಮಾತ್ರ ಅಲ್ಯೂಮಿನಿಯಂ, ಒಳಗೆ ಮರದ ಚೌಕಟ್ಟು. 1950ರಿಂದ ಸ್ಟೀಲ್ ಬಾಡಿ. ನೋಡೋಕೆ ಎರಡೂ ಒಂದೇ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹಿಡಿಯೋದು ಎಲ್ಲಿ? ಸ್ಟೀಲ್ ಕಾರಿನಲ್ಲೂ ಬಾನೆಟ್, ಬಾಗಿಲು, ಡಿಕ್ಕಿ ಬಾಗಿಲು ಅಲ್ಯೂಮಿನಿಯಮ್ಮೇ. ಬಾನೆಟ್ ಮೇಲೆ ಅಯಸ್ಕಾಂತ ಜಾರಿತು ಅಂತ ಕುಣಿದರೆ ಮೋಸ ಹೋದಿರಿ. ಮಡ್‌ಗಾರ್ಡ್‌ಗೆ ಹಿಡಿಯಬೇಕು.

ಹಾಗೆಯೇ ಯುದ್ಧಕ್ಕೆ ಮುಂಚಿನ ರೋಲ್ಸ್ ರಾಯ್ಸ್. ಕಂಪನಿ ಕೊಡುತ್ತಿದ್ದದ್ದು ಎಂಜಿನ್, ಚಾಸಿ ಮಾತ್ರ. ಬಾಡಿಯನ್ನು ಹೂಪರ್, ಬಾರ್ಕರ್, ಪಾರ್ಕ್ ವಾರ್ಡ್ ಥರದವರ ಹತ್ತಿರ ಗಿರಾಕಿಯೇ ಕಟ್ಟಿಸಬೇಕಿತ್ತು. ಬಾಡಿ ಕಟ್ಟಿದವರ ಸಣ್ಣ ಪ್ಲೇಟ್ ಸಾಮಾನ್ಯವಾಗಿ ಬಾಗಿಲಿನ ಹೊಸ್ತಿಲ ಹತ್ತಿರ ಇರುತ್ತದೆ. ಕಾರು ಎಷ್ಟು ಅಪರೂಪ ಅನ್ನೋದು ಎಷ್ಟೋ ಸಲ ಆ ಪ್ಲೇಟಿನಿಂದಲೇ ತೀರ್ಮಾನವಾಗುತ್ತದೆ. ಟಿಂಕರಿಂಗ್‌ಗೆ ಕೊಟ್ಟಾಗ ಮೊದಲು ಕಳೆದುಹೋಗೋದೂ ಅದೇ.

ಬೇರೊಬ್ಬ ಸದಸ್ಯರ ಪ್ರಶ್ನೆ: ನನ್ನ ಕಾರಿನ ಎಂಜಿನ್ ನಂಬರ್, ಚಾಸಿ ಪ್ಲೇಟಿನ ಮೇಲಿರುವ ನಂಬರಿಗೆ ಹೊಂದುತ್ತಿಲ್ಲ. ಮೋಸ ಹೋದೆನಾ?

ಉತ್ತರ: ಹಾಗೇನಿಲ್ಲ. ಎಷ್ಟೋ ಕಂಪನಿಗಳಲ್ಲಿ ಚಾಸಿ ನಂಬರ್ ಬೇರೆ, ಎಂಜಿನ್ ನಂಬರ್ ಬೇರೆ. ಎರಡೂ ಒಂದೇ ಆಗಿರಬೇಕು ಅಂತಿಲ್ಲ. ಕಾರ್ಖಾನೆಯ ದಾಖಲೆಯಲ್ಲಿ ಈ ಚಾಸಿಗೆ ಈ ಎಂಜಿನ್ ಅಂತ ಇದೆಯಾ ಅನ್ನೋದಷ್ಟೇ ಮುಖ್ಯ. ಬ್ರಿಟಿಷ್ ಮೋಟರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ತನ್ನ ಹತ್ತಿರ ದಾಖಲೆಯಿರುವ ಕಾರುಗಳಿಗೆ ಸರ್ಟಿಫಿಕೇಟ್ ಕೊಡುತ್ತದೆ. ಕಾರು ತಯಾರಾದ ದಿನ, ಮೊದಲ ಬಣ್ಣ, ಎಲ್ಲಿಗೆ ಕಳಿಸಿದರು ಅಂತೆಲ್ಲ ಅದರಲ್ಲಿರುತ್ತದೆ. ಜಾಗ್ವಾರ್, ಫೆರಾರಿ, ಮರ್ಸಿಡಿಸ್‌ಗೂ ಅವರವರದೇ ವಿಭಾಗಗಳಿವೆ. ಹೊಂದಲಿಲ್ಲ ಅಂದರೆ ಎಂಜಿನ್ ಬದಲಾಗಿದೆ ಅಷ್ಟೇ. ಬೆಲೆ ಇಳಿಯುತ್ತದೆ, ಕಾರು ಸುಳ್ಳಾಗಲ್ಲ. ಹಳೇ ನಂಬರ್ ಉಜ್ಜಿ ಹೊಸದು ಒತ್ತಿಸಿದರೆ ಮಾತ್ರ ಅದು ಮೋಸ.

ಮತ್ತೊಬ್ಬರ ಪ್ರಶ್ನೆ: ನನ್ನ ಹಳೇ ಕಾರಿನ ಪೇಂಟ್ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಸೀಟಿನ ಚರ್ಮ ಸವೆದಿದೆ. ಮನೆಯವರು ಪೂರ್ತಿ ಹೊಸದು ಮಾಡಿಸು ಅಂತಿದ್ದಾರೆ. ಏನಂತೀರಿ?

ಉತ್ತರ: ಮನೆಯವರಿಗೆ ಒಂದು ಫೋಟೋ ತೋರಿಸಿ. 2024ರಲ್ಲಿ ಅಮೆರಿಕದ ಪೆಬಲ್ ಬೀಚ್ ಕಾರು ಪ್ರದರ್ಶನದ ದೊಡ್ಡ ಬಹುಮಾನ 1934ರ ಬುಗಾಟಿ ಟೈಪ್ 59ಕ್ಕೆ ಹೋಯಿತು. ರಿಪೇಂಟ್ ಮಾಡಿ ಫಳಫಳ ಹೊಳೆಯಿಸಿದ ಕಾರಲ್ಲ, ಸವೆದ ಗುರುತುಗಳೆಲ್ಲ ಹಾಗೇ ಇದ್ದ ಕಾರು. ಹಾಗೇ ಉಳಿಸಿಕೊಂಡ ಕಾರಿಗೆ ಅಲ್ಲಿ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು.

ನನ್ನ ಲೆಕ್ಕ ಇದು. ಕಣ್ಣಿಗೆ ಕಾಣುವುದನ್ನು ಉಳಿಸಿ, ಪ್ರಾಣಕ್ಕೆ ಸಂಬಂಧಪಟ್ಟದ್ದನ್ನು ಬದಲಿಸಿ. ಬ್ರೇಕ್ ಹೋಸ್, ಟೈರ್, ಪೆಟ್ರೋಲ್ ಪೈಪ್, ಬಟ್ಟೆ ಸುತ್ತಿದ ಹಳೇ ವೈರು, ಇವುಗಳ ಮೇಲೆ ಮರುಕ ಬೇಡ. ತೆಗೆದ ಭಾಗವನ್ನು ಎಸೆಯದೆ ಚೀಟಿ ಅಂಟಿಸಿ ಡಬ್ಬದಲ್ಲಿ ಇಡಿ. ತುಕ್ಕು ಚಾಸಿಯನ್ನು ತಿನ್ನುತ್ತಿದ್ದರೆ ಆ ಜಾಗವನ್ನಷ್ಟೇ ಸರಿಮಾಡಿಸಿ. ಬಾಗಿಲು ಜೋತುಬಿದ್ದಿದ್ದರೆ ಕೀಲು ಬಿಗಿ ಮಾಡೋಕೆ ಮುಂಚೆ ಒಳಗಿನ ಮರ ಕೊಳೆತಿದೆಯಾ ನೋಡಿ. ಪೇಂಟ್ ಕಾರ್ಖಾನೆಯದೇ ಆಗಿದ್ದರೆ ಮುಟ್ಟಬೇಡಿ. ಯಾರೋ ಪುಟ್ಟಿ ತುಂಬಿ ಎರಡು ಮೂರು ಸಲ ಬಳಿದದ್ದಾದರೆ ಮಾತು ಬೇರೆ, ಆಗ ಹೊಸದಾಗಿ ಹೊಡೆಸಿ, ನನ್ನದೇನೂ ತಕರಾರಿಲ್ಲ.

ಇನ್ನೊಬ್ಬರ ಪ್ರಶ್ನೆ: ನಾನು ನನ್ನ ಹಳೇ ಕಾರನ್ನು ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡುತ್ತೇನೆ. ಸಾಕಲ್ವಾ?

ಉತ್ತರ: ಅದಕ್ಕಿಂತ ಸುಮ್ನೆ ಬಿಡೋದೇ ವಾಸಿ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಓಡಿಸುವುದಾದರೆ ರಸ್ತೆಗೆ ತಗೊಂಡು ಹೋಗಿ ಅರ್ಧ ಗಂಟೆ ಓಡಿಸಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮೊದಲು ಆಯಿಲ್ ಬದಲಿಸಿ, ಹಳೇ ಆಯಿಲ್‌ನಲ್ಲಿ ಆಸಿಡ್ ಸೇರಿರುತ್ತದೆ. ಬ್ಯಾಟರಿ ಬಿಚ್ಚಿಡಿ. ಪುನಃ ಜೋಡಿಸುವಾಗ ಪ್ಲಸ್, ಮೈನಸ್ ನೋಡಿಕೊಳ್ಳಿ, ಹಳೇ ಬ್ರಿಟಿಷ್ ಕಾರುಗಳಲ್ಲಿ ಎಷ್ಟೋ ಸಲ ಪ್ಲಸ್ಸೇ ಅರ್ತ್, ಅಂದರೆ ಕಾರಿನ ಮೈಗೆ ಜೋಡಿಸಿರೋದು ಪ್ಲಸ್ ತುದಿ. ಎಥೆನಾಲ್ ಬೆರೆತ ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡಬೇಡಿ, ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನೂ ತಿನ್ನುತ್ತದೆ. ಮೇಲೆ ಗಾಳಿಯಾಡುವ ಹತ್ತಿಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ. ಗಾಳಿಯ ತೇವ ನೂರಕ್ಕೆ 50ರ ಆಸುಪಾಸಿನಲ್ಲಿದ್ದರೆ ತಗಡಿಗೂ ಚರ್ಮಕ್ಕೂ ಒಳ್ಳೇದು. ಜಾಸ್ತಿಯಾದರೆ ತುಕ್ಕು, ತೀರಾ ಕಮ್ಮಿಯಾದರೆ ಚರ್ಮವೂ ಮರವೂ ಸೀಳುತ್ತವೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ಥ್ರೆಡ್ ಮೆಟ್ರಿಕ್ಕೇ ಬಂತು! ನೀವು ಹೇಳಿದ ಹಾಗೆ ಮಾರಿಸ್ ಇರಬಹುದು. ಎಂಜಿನ್ ಮಾತ್ರ ತಿರುಗುತ್ತಿಲ್ಲ. ಹ್ಯಾಂಡಲ್ ಹಾಕಿ ಇಬ್ಬರು ಸೇರಿ ತಿರುಗಿಸಲಾ? ಬ್ರೇಕ್ ಡ್ರಮ್‌ನಲ್ಲೂ ಧೂಳು ತುಂಬಿದೆ, ಏರ್ ಹೊಡೆದು ತೆಗೆಯಬಹುದಾ?

ಉತ್ತರ: ಬಲ ಹಾಕಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ. ಪ್ಲಗ್ ಬಿಚ್ಚಿ, ತುಕ್ಕು ಬಿಡಿಸುವ ಎಣ್ಣೆಯನ್ನು ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಹಾಕಿ ಬಿಡಿ. ದಿನಾ ಒಂದಿಷ್ಟು ಹಾಕುತ್ತಾ ಹೋಗಿ. ವಾರಗಳೇ ಹಿಡಿದರೂ ಪರವಾಗಿಲ್ಲ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಬ್ಬರೇ, ಕೈಯಿಂದ, ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ ನೋಡಿ.

ಡ್ರಮ್‌ಗೆ ಏರ್ ಖಂಡಿತ ಹೊಡೆಯಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಧೂಳು ಎದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಆ ಡ್ರಮ್ ಸದ್ಯಕ್ಕೆ ಮುಚ್ಚಿಡಿ. ಬಿಚ್ಚುವ ದಿನ ಸರಿಯಾದ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಎರಡು ಕವರಿನಲ್ಲಿ ಕಟ್ಟಿಡಿ. ಚಾಸಿ ನಂಬರಿನ ಫೋಟೋ ಇನ್ನೂ ಬಂದಿಲ್ಲ, ಅದನ್ನು ಹಾಕಿ.