ಮೀಟರ್ ನೋಡಬೇಡವ್ವ, ಹಲ್ಲು ನೋಡು

ನೋಡವ್ವ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಬೆಳಿಗ್ಗೆಯಿಂದ ಕನ್ನಡಕ ಸಿಕ್ಕಿರಲಿಲ್ಲ. ಟೈಪ್ ಮಾಡುವುದು ನನ್ನ ಕೈಲಿ ಆಗುವುದಿಲ್ಲ, ಮಾತಾಡಿ ಕಳಿಸುತ್ತಿದ್ದೇನೆ, ಉದ್ದ ಆದರೂ ಪೂರ್ತಿ ಕೇಳು. ವಿದ್ಯಾನಗರದ ರಿಟೈರ್ಡ್ ಮೇಷ್ಟ್ರು 2016ರ ಕಾರು ಮಾರುತ್ತಿದ್ದಾರೆ, ಬರೀ 18 ಸಾವಿರ ಕಿಲೋಮೀಟರ್ ಓಡಿದೆ, ಮಧ್ಯೆ ಬ್ರೋಕರ್ ಇಲ್ಲ, ನಾಳೆಯೇ ಅಡ್ವಾನ್ಸ್ ಕೊಡಿ ಅಂತಿದ್ದಾರೆ, ಕೊಡಲಾ ಬೇಡವಾ ಅಂತ ತಾನೇ ನೀನು ಕೇಳಿದ್ದು? ಕೊಡಬೇಡ. ಮೊದಲು ನಾನು ಹೇಳುವುದು ಕೇಳು. ನಿಮ್ಮ ಚಿಕ್ಕಪ್ಪ ಆಗಲೇ ಗ್ರೂಪಿನಲ್ಲಿ ಹೆಬ್ಬೆಟ್ಟಿನ ಚಿತ್ರ ಒತ್ತಿಬಿಟ್ಟಿದ್ದಾನೆ, ಸೂಪರ್ ಡೀಲ್ ಅಂತೆ. ಅವನಿಗೇನು, ಅವನು ಸೆಕೆಂಡ್ ಹ್ಯಾಂಡ್ ಸೈಕಲ್ ಕೂಡ ಕೊಂಡವನಲ್ಲ.

ನಮ್ಮ ಬೂದಿ ಬಣ್ಣದ ಕಾರು ನೆನಪಿದೆಯಲ್ಲ? ಕೊನೆಕೊನೆಗೆ ಹಿತ್ತಲಲ್ಲಿ ನಿಂತು, ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು, ಅದೇ. 2008ರಲ್ಲಿ ಚಿತ್ರದುರ್ಗದಲ್ಲಿ ಕೊಂಡದ್ದು. 2000ದ ಗಾಡಿ, ಮೀಟರಿನಲ್ಲಿ 11 ಸಾವಿರ. ಸೀಟಿನ ಪ್ಲಾಸ್ಟಿಕ್ ಕವರು ಕೂಡ ತೆಗೆದಿರಲಿಲ್ಲ. ನಾನು ಮೀಟರ್ ನೋಡಿ ಬಾಯಿ ಬಿಟ್ಟೆ. ಒಂದು ಲಕ್ಷದ ಇಪ್ಪತ್ತು ಸಾವಿರ ಎಣಿಸಿ ಕೊಟ್ಟು, ನಿಂಬೆಹಣ್ಣು ಇಟ್ಟು ತಂದೆ. ಮಾರಿದವರು ಮೋಸ ಮಾಡಿದರು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆ 11 ಸಾವಿರ ಸತ್ಯವೇ. ಎಂಟು ವರ್ಷ ಅದು ಶೆಡ್ಡಿನಲ್ಲೇ ನಿಂತಿತ್ತು, ಅಷ್ಟೇ. ಅದೇ ನನಗೆ ಕುತ್ತಾಯಿತು.

ಮೇ ತಿಂಗಳು. ಹೊಳಲ್ಕೆರೆ ಅತ್ತೆಯ ಮಗಳ ನಿಶ್ಚಿತಾರ್ಥ, ದುರ್ಗದಲ್ಲಿ. ನಾನು, ದೊಡ್ಡಮ್ಮ, ಹಿಂದೆ ನಿಮ್ಮ ಅಜ್ಜಿ, ಅಜ್ಜಿಯ ತೊಡೆ ಮೇಲೆ ಹಣ್ಣಿನ ಬುಟ್ಟಿ. ಆನಗೋಡು ದಾಟಿದೆವು, ಭರಮಸಾಗರ ಇನ್ನೂ ಬಂದಿರಲಿಲ್ಲ, ಈಗ ಎನ್‌ಎಚ್ 48 ಅಂತಾರಲ್ಲ ಆ ಹೆದ್ದಾರಿ, ಆಗ ಅದು ಎನ್‌ಎಚ್ 4, ಢಂ ಅಂತ ಹಿಂದಿನ ಟೈರ್ ಸಿಡಿಯಿತು. ಗಾಡಿ ಹಾವಿನ ಹಾಗೆ ಹೊರಳಿತು. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಇವತ್ತು ನಿನಗೆ ಈ ಮಾತು ಹೇಳುತ್ತಿದ್ದೇನೆ. ಇಳಿದು ನೋಡಿದರೆ ಟೈರಿನ ಗ್ರಿಪ್ ಹೊಸದರ ಹಾಗೇ ಇದೆ! ಪಂಕ್ಚರ್ ಹಾಕುವ ಹುಡುಗ ಬಂದ. ಒದ್ದೆ ಬಟ್ಟೆಯಲ್ಲಿ ಟೈರಿನ ಪಕ್ಕ ಒರೆಸಿ, "ಯಜಮಾನ್ರೇ, ಇಲ್ನೋಡಿ" ಅಂದ. ನಾಲ್ಕು ಅಂಕಿ, 1400. ಮೊದಲ ಎರಡು ಅಂಕಿ ಅಂದರೆ ವಾರ, ಆಮೇಲಿನ ಎರಡು ಅಂಕಿ ಅಂದರೆ ವರ್ಷ. 2000ದ ಹದಿನಾಲ್ಕನೇ ವಾರದಲ್ಲಿ ತಯಾರಾದ ಟೈರು ಅದು. ನಿಂತ ಜಾಗದಲ್ಲೇ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು, ಹಳೇ ಚಪ್ಪಲಿ ಬಿರಿಯುವ ಹಾಗೆ. ಆಮೇಲೆ ಬ್ಯಾಟರಿ ಹೋಯಿತು. ರೇಡಿಯೇಟರ್ ಪೈಪು ಒಡೆದು ಎಂಜಿನ್ ಕಾದು ಗ್ಯಾಸ್ಕೆಟ್ ಹೋಯಿತು. ಒಳಗೆ ವೈರು ಇಲಿ ಕಡಿದದ್ದು ಬೇರೆ. ಎರಡು ತಿಂಗಳಲ್ಲಿ 38 ಸಾವಿರ ಬಿತ್ತು.

ನಮ್ಮಪ್ಪ, ಅಂದರೆ ನಿಮ್ಮ ಅಜ್ಜ, ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾರುವವನ ಮಾತು ಕೇಳುತ್ತಲೇ ಇರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಎರಡೇ ಹಲ್ಲಿನ ಎಳೆಯದೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಅಂತ. ಆಮೇಲೆ ಗಾಡಿಗೆ ಕಟ್ಟಿ ನಾಲ್ಕು ಹೆಜ್ಜೆ ಎಳೆಸುತ್ತಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಮೇಯಿಸಿದ ಎತ್ತು ನೋಡೋಕೆ ಮಿಂಚುತ್ತದೆ, ನೊಗ ಇಟ್ಟರೆ ಮಲಗುತ್ತದೆ ಅಂತಿದ್ದರು. ಕಾರೂ ಅಷ್ಟೇ. ಕಿಲೋಮೀಟರ್ ಕಮ್ಮಿ ಅಂತ ಬಾಯಿ ಬಿಡಬೇಡ. ಇನ್ನೊಂದು ಸಲ ಹೇಳುತ್ತೇನೆ, ಚಿಕ್ಕಪ್ಪನೂ ಕೇಳಿಸಿಕೊಳ್ಳಲಿ, ಕಿಲೋಮೀಟರ್ ಕಮ್ಮಿ ಅಂತ ಬಾಯಿ ಬಿಡಬೇಡ.

ಆವತ್ತು ಇನ್ನೊಂದು ಆಯಿತು, ಹೇಳಬಾರದು, ಆದರೂ ಹೇಳುತ್ತೇನೆ. ಬಿಸಿಲಲ್ಲಿ ನಿಂತು ನಾನು ಛತ್ರಕ್ಕೆ ಫೋನ್ ಮಾಡಿದೆ. ಅಲ್ಲಿ ನಮ್ಮವರದೇ ಐದು ಗಾಡಿ ಇದ್ದವು. ಒಬ್ಬನಾದರೂ ಬರಬೇಕೋ ಬೇಡವೋ? "ಬರ್ತೀವಿ, ಬರ್ತೀವಿ" ಅಂದರು, ಯಾರೂ ಬರಲಿಲ್ಲ. ಆ ಸಂಬಂಧ ಕುದುರಿಸಿದವನು ನಾನು. ಗಂಡಿನ ಮನೆಗೆ ಮೂರು ಸಲ ಹೋಗಿ ಬಂದವನು ನಾನು. ಹೋಗಿ ನೋಡಿದರೆ ತಾಂಬೂಲ ಬದಲಾಯಿಸಿ ಆಗಿತ್ತು, ಎರಡನೇ ಪಂಕ್ತಿ ಏಳುತ್ತಿತ್ತು. ನಿಮ್ಮ ಅಜ್ಜಿಗೆ ಒಂದು ಹೋಳಿಗೆ ಎತ್ತಿಟ್ಟಿರಲಿಲ್ಲ. ಅದರ ಮೇಲೆ "ಏನು ಭಾವ, 11 ಸಾವಿರದ ಗಾಡಿ 12ನೇ ಸಾವಿರಕ್ಕೆ ಕೈಕೊಡ್ತಾ" ಅಂತ ನಗು ಬೇರೆ. ಅಂದವರು ಈ ಗ್ರೂಪಿನಲ್ಲೇ ಇದ್ದಾರೆ. ಇರಲಿ ಬಿಡು. ಹದಿನೇಳು ವರ್ಷ ಆಯಿತು.

ಏನು ಹೇಳುತ್ತಿದ್ದೆ? ಹಾಂ, ನಿನ್ನ ಕಾರು. ಒಂಬತ್ತು ವರ್ಷಕ್ಕೆ 18 ಸಾವಿರ ಅಂದರೆ ವರ್ಷಕ್ಕೆ ಎರಡು ಸಾವಿರ, ದಿನಕ್ಕೆ ಐದೂವರೆ ಕಿಲೋಮೀಟರ್. ಮೇಷ್ಟ್ರು ಮಾರ್ಕೆಟ್ಟಿಗೆ ಮಾತ್ರ ಓಡಿಸಿದ್ದರೆ ಇದ್ದರೂ ಇರಬಹುದು. ನಾಲ್ಕೂ ಟೈರಿನ ಅಂಕಿ ಓದು. ಕೊನೆಗೆ 16 ಅಂತಿದ್ದರೆ ಮೀಟರ್ ನಿಜ ಇರಬಹುದು, ಆದರೆ ನಾಲ್ಕೂ ಟೈರ್ ಬದಲಾಯಿಸಬೇಕು, ಆ ದುಡ್ಡು ರೇಟಿನಲ್ಲಿ ಮುರಿಸು. 21, 22 ಅಂತಿದ್ದರೆ ಯಾಕೆ ಬದಲಾಯಿಸಿದಿರಿ ಅಂತ ಕೇಳು. ಹಳೇದಾಯಿತು ಅಂತ ಹಾಕಿಸಿರಬಹುದು. ಇಲ್ಲವಾದರೆ ಸವೆದಿತ್ತು, 18 ಸಾವಿರಕ್ಕೆ ಟೈರ್ ಸವೆಯುವುದಿಲ್ಲ, ಮೀಟರ್ ತಿರುಗಿಸಿದ್ದಾರೆ ಅಂತ ಅನುಮಾನ ಪಡಬೇಕು. ಸರ್ವಿಸ್ ಬಿಲ್ಲುಗಳಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ಅದನ್ನು ಮೀಟರಿಗೆ ಹೊಂದಿಸಿ ನೋಡು. ಬ್ರೇಕ್, ಬೆಲ್ಟು, ಪೈಪು ನಮ್ಮ ಮೆಕ್ಯಾನಿಕ್ ನೋಡಲಿ, ಗಾಡಿ ಎತ್ತಿ ಕೆಳಗಿನಿಂದಲೂ ನೋಡಲಿ. ಹರಿಹರದವರೆಗೆ ಓಡಿಸಿಕೊಂಡು ಬಾ, ಓಣಿಯಲ್ಲಿ ಒಂದು ರೌಂಡ್ ಹೊಡೆದರೆ ಏನೂ ಗೊತ್ತಾಗುವುದಿಲ್ಲ.

ಕಾಗದದ ವಿಷಯ ಮರೆತೇಬಿಟ್ಟಿದ್ದೆ ನೋಡು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಅಂತ ಬ್ಯಾಂಕು ಕೊಡುವ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಒಂದು ರೂಪಾಯಿಯೂ ಕೊಡಬೇಡ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಆರ್‌ಟಿಓದಲ್ಲಿ ಹೆಸರು ಬದಲಾಯಿಸು. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿನ್ನ ಹೆಸರಿಗೆ ಬರೆಯಿಸಲು ಅರ್ಜಿ ಕೊಡು, ಇಲ್ಲದಿದ್ದರೆ ಗಾಡಿ ಜಖಂ ಆದಾಗ ಕ್ಲೇಮಿಗೆ ತಕರಾರು ತೆಗೆಯುತ್ತಾರೆ. ಕ್ಲೇಮ್ ಮಾಡದಿದ್ದಕ್ಕೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ, ಅದೇ ಅವರ ನೋ ಕ್ಲೇಮ್ ಬೋನಸ್, ಅವರದೇ, ಅದು ಗಾಡಿ ಜೊತೆ ಬರುವುದಿಲ್ಲ. ಹಳೇ ದಂಡ ಬಾಕಿ ಇದೆಯಾ ಅಂತಲೂ ಮೊಬೈಲಿನಲ್ಲಿ ನೋಡಿಕೊ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗೋಣ, ನಾನೂ ಬರುತ್ತೇನೆ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರಬಾರದು ಅಂತ ಹೇಳಿಡು, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡುತ್ತೇನೆ. ಒಂದು ಒದ್ದೆ ಬಟ್ಟೆ ತಗೊಂಡು ಬಾ. ನನಗೆ ಬಗ್ಗಲು ಆಗುವುದಿಲ್ಲ, ಟೈರಿನ ಅಂಕಿ ನೀನೇ ಓದಬೇಕು. ದೊಡ್ಡಮ್ಮ ಕರೆಯುತ್ತಿದ್ದಾಳೆ, ಇಡುತ್ತೇನೆ.