ಗ್ರೇಡಿಯಂಟ್‌ನಲ್ಲಿ ವೀರ್ಯ ತೊಳೆದ ಮೇಲೆ ಡಿಎಫ್‌ಐ ಏರುತ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ
ಐಯುಐಗೆ (ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) 80/40 ಗ್ರೇಡಿಯಂಟ್‌ನಲ್ಲಿ (80% ಮತ್ತು 40%ರ ಎರಡು ದ್ರವ ಪದರ) ವೀರ್ಯ ತೊಳೆಯುತ್ತೇವೆ. ಚಲನೆ ಚೆನ್ನಾಗಿಯೇ ಬರುತ್ತದೆ. ಆದರೆ ಹ್ಯಾಲೊ ಟೆಸ್ಟ್‌ನಲ್ಲಿ (ಡಿಎನ್‌ಎ ಒಡೆಯದ ವೀರ್ಯಾಣುವಿನ ಸುತ್ತ ಪ್ರಭೆ ಕಾಣುವ ಪರೀಕ್ಷೆ) ಮೊದಲು 22% ಇದ್ದ ಡಿಎಫ್‌ಐ, ಅಂದರೆ ಡಿಎನ್‌ಎ ಒಡೆದ ವೀರ್ಯಾಣುಗಳ ಪ್ರಮಾಣ, ಐಯುಐ ಹೊತ್ತಿಗೆ 30% ದಾಟಿರುತ್ತದೆ. ಸೆಂಟ್ರಿಫ್ಯೂಜ್ 3000 ಆರ್‌ಪಿಎಂ, 20 ನಿಮಿಷ. ತೊಳೆದ ಮೇಲೆ ಮೂರು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಇರುತ್ತದೆ.

ಉತ್ತರ 1
ಆರ್‌ಪಿಎಂ ಬಿಡಿ, ಜಿ (ತಿರುಗುವಾಗ ಬೀಳುವ ಬಲ ಗುರುತ್ವದ ಎಷ್ಟು ಪಟ್ಟು) ಎಷ್ಟು? ಬಕೆಟ್ ಅಡ್ಡ ಚಾಚಿದಾಗ ರೋಟರ್ ನಡುವಿನಿಂದ ಟ್ಯೂಬಿನ ತಳಕ್ಕೆ ಎಷ್ಟು ಸೆಂ.ಮೀ.?

ಪ್ರಶ್ನೆ ಕೇಳಿದವರು
16.

ಉತ್ತರ 1
ಹಾಗಾದರೆ ಮುಖ್ಯ ತೊಂದರೆ ಅಲ್ಲೇ ಇದೆ. ಜಿ = 0.00001118 × ತ್ರಿಜ್ಯ × ಆರ್‌ಪಿಎಂನ ವರ್ಗ. ನಿಮ್ಮದು 1600 ದಾಟುತ್ತದೆ. ಬೇಕಿರುವುದು 300, ಅಂದರೆ ಸುಮಾರು 1300 ಆರ್‌ಪಿಎಂ. ಅಷ್ಟು ಜೋರಾಗಿ ತಿರುಗಿಸಿದರೆ 80ರ ಪದರ ತಡೆಯಬೇಕಾದ ಸತ್ತ ವೀರ್ಯಾಣು, ಬಿಳಿ ರಕ್ತಕಣಗಳೂ ತಳಕ್ಕಿಳಿದು ಒಳ್ಳೆಯವುಗಳ ಜೊತೆ ಒತ್ತಿ ಕೂರುತ್ತವೆ. ಬಿಳಿ ಕಣಗಳು ಬಿಡುವ ರಿಯಾಕ್ಟಿವ್ ಆಕ್ಸಿಜನ್ ಡಿಎನ್‌ಎಯನ್ನು ತುಂಡರಿಸುತ್ತದೆ. ಅದನ್ನು ತಡೆಯುತ್ತಿದ್ದ ವೀರ್ಯದ್ರವವನ್ನು ನಾವೇ ತೆಗೆದಿರುತ್ತೇವೆ.

ಹಸಿ ವೀರ್ಯವನ್ನು ನೇರವಾಗಿ ತಿರುಗಿಸಿ ಪೆಲೆಟ್ (ತಳದಲ್ಲಿ ಕೂರುವ ಮುದ್ದೆ) ಮಾಡುವುದಂತೂ ಬೇಡವೇ ಬೇಡ. 37 ಡಿಗ್ರಿಯಲ್ಲಿ 30 ನಿಮಿಷ ವೀರ್ಯ ತೆಳುವಾಗಿ ಕರಗಲು ಬಿಡಿ. ತಳದಲ್ಲಿ 80 ಒಂದು ಮಿ.ಲೀ., ಮೇಲೆ 40 ಒಂದು ಮಿ.ಲೀ., ಅದರ ಮೇಲೆ ವೀರ್ಯ ಒಂದು ಮಿ.ಲೀ. ಹೆಚ್ಚಿದ್ದರೆ ಇನ್ನೊಂದು ಟ್ಯೂಬ್ ಹಾಕಿ, ಒಂದರಲ್ಲೇ ತುರುಕಬೇಡಿ. 300 ಜಿಯಲ್ಲಿ ತಿರುಗಿಸಿದ ಮೇಲೆ, ಮೇಲಿನದ್ದನ್ನೆಲ್ಲ ಹೀರಿ ತೆಗೆದು, ಪಿಪೆಟ್ ಬದಲಿಸಿ, ಪೆಲೆಟ್ಟನ್ನು ಹೊಸ ಟ್ಯೂಬಿಗೆ ಎತ್ತಿಕೊಳ್ಳಿ. ಹಳೇ ಟ್ಯೂಬಿಗೇ ಮೀಡಿಯಂ ಸುರಿದರೆ ಗೋಡೆಗೆ ಅಂಟಿದ ಕಸವೆಲ್ಲ ವಾಪಸ್ ಇಳಿಯುತ್ತದೆ. ಆಮೇಲೆ 5 ಮಿ.ಲೀ. ಮೀಡಿಯಂ, 200 ಜಿ, 5 ನಿಮಿಷ.

ಉತ್ತರ 2
ಮೂರು ಗಂಟೆ ಕಾಯಿಸುವುದೂ ಅಷ್ಟೇ ಕೆಟ್ಟದ್ದು. ತೊಳೆದ ವೀರ್ಯಾಣುವನ್ನು 37 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಡಿಎನ್‌ಎ ಒಡೆಯುತ್ತದೆ. ದಂಪತಿಯ ಸಮಯ ನೋಡಿಕೊಂಡು ಸ್ಯಾಂಪಲ್ ತರಿಸಿ. ಬೈಕಾರ್ಬನೇಟ್ ಮೀಡಿಯಂ ಆದರೆ ಹೊರಗೆ ತೆರೆದಿಡಬೇಡಿ, ಪಿಎಚ್ ಏರುತ್ತದೆ. ಬೆಂಚ್ ಕೆಲಸಕ್ಕೆ ಹೆಪಿಸ್ (ಹೊರಗಿನ ಗಾಳಿಯಲ್ಲೂ ಪಿಎಚ್ ಕಾಯುವ ಬಫರ್) ಇರುವುದನ್ನು ಬಳಸಿ.

ಎಲ್ಲಿ ಏರುತ್ತಿದೆ ಎಂದು ತಿಳಿಯಲು ಒಂದೇ ಸ್ಯಾಂಪಲ್ಲಿಗೆ ಮೂರು ಸ್ಲೈಡ್ ಮಾಡಿ: ಕರಗಿದ ತಕ್ಷಣ, ತೊಳೆದ ಕೂಡಲೇ, ಐಯುಐಗೆ ಕೊಡುವಾಗ. ಹ್ಯಾಲೊ ಇಲ್ಲದ್ದು ಅಥವಾ ತೀರಾ ಸಣ್ಣದಿರುವುದು ಒಡೆದದ್ದು. ಎಣಿಸುವವರು ಒಬ್ಬರೇ ಇರಲಿ.

ಉತ್ತರ 3
ತೊಳೆಯುವುದರಿಂದ ಒಡೆದ ಡಿಎನ್‌ಎ ರಿಪೇರಿ ಆಗುವುದಿಲ್ಲ, ಆಯ್ಕೆ ಮಾತ್ರ ಆಗುತ್ತದೆ. ಹಸಿ ಸ್ಯಾಂಪಲ್ಲಿನಲ್ಲೇ 30% ಮೇಲಿದ್ದರೆ ವೆರಿಕೋಸೀಲ್ (ವೃಷಣದ ಮೇಲಿನ ರಕ್ತನಾಳ ಊದಿರುವುದು), ಸೋಂಕು, ಸಿಗರೇಟ್ ಕಡೆ ನೋಡಲು ಆಂಡ್ರಾಲಜಿಸ್ಟ್ (ಪುರುಷರ ಬಂಜೆತನದ ತಜ್ಞರು) ಹತ್ತಿರ ಕಳಿಸಿ. ಪೆರಾಕ್ಸಿಡೇಸ್ ಪಾಸಿಟಿವ್ ಕಣ (ಬಿಳಿ ರಕ್ತಕಣ) ಮಿ.ಲೀ.ಗೆ 10 ಲಕ್ಷಕ್ಕಿಂತ ಹೆಚ್ಚಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಸ್ಯಾಂಪಲ್ ಕೊಡುವ ಮೊದಲು ಐದಾರು ದಿನ ವೀರ್ಯ ಬಿಡದೆ ಅಂತರ ಇಡುವ ಬದಲು ಒಂದೆರಡು ದಿನ ಸಾಕು. ಎಷ್ಟೋ ಜನರಲ್ಲಿ ಇಷ್ಟರಿಂದಲೇ ಡಿಎಫ್‌ಐ ಇಳಿಯುತ್ತದೆ. ವೀರ್ಯಾಣು ಸಂಖ್ಯೆ ಸ್ವಲ್ಪ ಕಡಿಮೆ ಬರುತ್ತದೆ ಎಂದು ಅವರಿಗೆ ಮೊದಲೇ ಹೇಳಿಬಿಡಿ.