ಅಪ್‌ಡೇಟ್: ಶರ್ಮನ್ ಟ್ಯಾಂಕಿನ ಟ್ರ್ಯಾಕ್ ಕೊನೆಗೂ ಕೂತಿತು

1:72 ಅಳತೆಯ ಪ್ಲಾಸ್ಟಿಕ್ ಮಾದರಿ ಟ್ಯಾಂಕಾದ ಶರ್ಮನ್ ಕಿಟ್‌ನ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಪಟ್ಟಿ) ಅಂಟ್ತಾನೇ ಇಲ್ಲ, ಕೆಸರಿನ ಬಣ್ಣ ಹೇಗೆ ತರೋದು ಅಂತ ದಾವಣಗೆರೆಯಿಂದ ಕೇಳಿದ್ದೆನಲ್ಲ, ಎರಡೂ ಬಗೆಹರಿದವು. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಟ್ರ್ಯಾಕ್ ವಿಷಯದಲ್ಲಿ ಹಿರಿಯರೊಬ್ಬರು ಹೇಳಿದ್ದೇ ಸರಿ. ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಪಾಲಿಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತೆ. ಈ ಟ್ರ್ಯಾಕ್ ಮೆತ್ತನೆಯ ವಿನೈಲ್, ಕರಗೋದೇ ಇಲ್ಲ. ಹಾಗಾಗಿ ಎರಡೂ ತುದಿಯನ್ನು ಕಪ್ಪು ದಾರದಲ್ಲಿ ಹೊಲಿದೆ. ಹೊಲಿಗೆ ನೆಲದ ಕಡೆ ಬರುವ ಹಾಗೆ ತಿರುಗಿಸಿ, ಸೂಜಿಮೊನೆಯಲ್ಲಿ ಒಂದು ಹನಿ ಸೂಪರ್ ಗ್ಲೂ ಮುಟ್ಟಿಸಿದೆ. ಗಟ್ಟಿಯಾಗಿ ನಿಂತಿದೆ.

ಕೆಸರಿಗೆ ನಮ್ಮ ಎರೆಮಣ್ಣನ್ನೇ ಜರಡಿ ಹಿಡಿದು ಹಚ್ಚಿ ಅಂದಿದ್ರಿ. ಅದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ನಾನು ಕಟ್ಟುತ್ತಿರೋದು 1965ರ ಸೆಪ್ಟೆಂಬರಿನ ಭಾರತ-ಪಾಕ್ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಹೋರಾಡಿದ ನಮ್ಮ ಸೇನೆಯ ಟ್ಯಾಂಕ್ ರೆಜಿಮೆಂಟ್ ಡೆಕ್ಕನ್ ಹಾರ್ಸ್‌ನ ಶರ್ಮನ್. ಹೊಲಗಳಿಗೆ ನಮ್ಮವರು ನೀರು ನುಗ್ಗಿಸಿ, ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಹೂತುಹೋದ ಜಾಗ ಅದು. ಪಂಜಾಬಿನ ಮೆಕ್ಕಲು ಮಣ್ಣು ಮಾಸಲು ಕಂದು, ಎರೆಯ ಕಪ್ಪು ಅಲ್ಲಿಗೆ ಹೊಂದಲ್ಲ. ಹುತಾತ್ಮರಾದ ಯೋಧ ಅಬ್ದುಲ್ ಹಮೀದ್‌ರಂಥವರು ಕಾದಿದ ನೆಲವನ್ನು ತಪ್ಪಾಗಿ ತೋರಿಸಲು ಮನಸ್ಸು ಬರಲಿಲ್ಲ.

ಮಂಡಿಪೇಟೆಯಲ್ಲಿ ಕಂದು, ಬೂದು ಬಣ್ಣದ ಪೇಸ್ಟಲ್ (ಬಣ್ಣದ ಸೀಮೆಸುಣ್ಣದಂಥ) ಕಡ್ಡಿ ತಂದು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿದೆ. ಹೊಳಪಿಲ್ಲದ ಮ್ಯಾಟ್ ವಾರ್ನಿಶ್‌ನಲ್ಲಿ ಕಲಸಿ ಚಕ್ರಗಳ ಸಂದಿಗೆ ತುಂಬಿದೆ. ಹಸಿ ಕಾಣಬೇಕಾದ ಕಡೆ ಮಾತ್ರ ಹೊಳೆಯುವ ಗ್ಲಾಸಿ ವಾರ್ನಿಶ್. ತುಂಬಾ ಚೆನ್ನಾಗಿ ಬಂದಿದೆ.

ಇನ್ನು ಟ್ಯಾಂಕಿನ ತಿರುಗುವ ಗೋಪುರಕ್ಕೆ (ಟರೆಟ್) ಡೆಕಲ್, ಅಂದರೆ ಗುರುತುಗಳ ಅಂಟುಚಿತ್ರ, ಹಚ್ಚೋದು ಬಾಕಿ.